ಶಿಶುಮರಣದ ವಿಚಾರಣೆ



ದಾವಣಗೆರೆಯೆಂದೊಡನೆ ನಗರವಾಸಿಗಳಾದ ತಮ್ಮಲ್ಲಿ ಅನೇಕರಿಗೆ ಹತ್ತಿಯ ಗಿರಣಿಗಳೂ, ಬೆಣ್ಣೆದೋಸೆಯೂ, ಮಂಡಕ್ಕಿಯೂ ನೆನಪಿಗೆ ಬರುವುದು ಸಹಜ. ಹರಿಹರವೆಂದರೆ ತುಂಗಭದ್ರೆಯ ದಡದಲ್ಲಿ ಹೊಯ್ಸಳರ ಕಾಲದಿಂದ ನಿಂತಿರುವ ಹರಿಹರೇಶ್ವರನ ಗುಡಿಯೂ, 1941ರಲ್ಲಿ ಪ್ರಾರಂಭವಾಗಿ ಬಹುಕಾಲ ಯಂತ್ರಗಳನ್ನು ತಯಾರಿಸಿ ಕೊನೆಗೆ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಕಣ್ಣಿಗೆ ಕಟ್ಟುತ್ತವೆ. ಈ ಎರಡು ಊರುಗಳ ಕೆಲವು ಬೀದಿಗಳಲ್ಲಿ ನಾವು ಬೇರೊಂದು ಕಾರ್ಯದ ನಿಮಿತ್ತ ತಿರುಗಾಡಬೇಕಾಗಿ ಬಂದಿತು. ಹುಟ್ಟಿ ವರ್ಷ ತುಂಬುವುದರೊಳಗೆ ತೀರಿಕೊಂಡ ಕೂಸುಗಳ ಮನೆಗಳಿಗೆ ಹೋಗಿ, ಆ ಕೂಸು ಹೇಗೆ ಹುಟ್ಟಿತು, ಹೇಗೆ ನರಳಿತು, ಹೇಗೆ ಹೋಯಿತು ಎಂಬುದನ್ನು ತಾಯಿ, ಅಜ್ಜಿ, ತಂದೆ ಇವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದೇ ಆ ಕಾರ್ಯ. ನಾವು ವೈದ್ಯರಲ್ಲ, ಕೇಳುವವರು, ಬರೆಯುವವರು ಅಷ್ಟೆ. ಆ ಅನುಭವದಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದು ಬಯಸುತ್ತೇವೆ. ಮನೆಯವರ ಹೆಸರುಗಳನ್ನಾಗಲಿ, ಬೀದಿಯ ಹೆಸರುಗಳನ್ನಾಗಲಿ, ಅವರು ಹತ್ತಿದ ಆಸ್ಪತ್ರೆಗಳ ಹೆಸರುಗಳನ್ನಾಗಲಿ ನಾವು ಹೇಳತಕ್ಕವರಲ್ಲ.

ಮೊದಲು ಸ್ವಲ್ಪ ಅಂಕಿ ಅಂಶಗಳು. ಇವು ಬೇಸರದವು, ಆದರೆ ಇವಿಲ್ಲದೆ ಮುಂದಿನದು ತಿಳಿಯದು. ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಮೊದಲ ಹುಟ್ಟುಹಬ್ಬವನ್ನು ಕಾಣದೆ ಹೋದವರೆಷ್ಟು ಎಂಬುದೇ ಶಿಶುಮರಣ ಪ್ರಮಾಣ. ಬ್ರಿಟಿಷ್ ಇಂಡಿಯದಲ್ಲಿ 1937ರಲ್ಲಿ ಇದು 162 ಆಗಿತ್ತೆಂದು 1946ರ ಭೋರ್ ಸಮಿತಿಯ ವರದಿಯಲ್ಲಿ ಹೇಳಿದೆ. ಆರಕ್ಕೊಂದು ಮಗು ಎಂದರೆ ಹೆಚ್ಚು ಕಡಿಮೆ ಸರಿಯಾದೀತು. 1971ರಲ್ಲಿ ಭಾರತದ ಲೆಕ್ಕ 129. ಅಲ್ಲಿಂದ ಇಳಿಯುತ್ತ ಬಂದು 2020ರ ಮಾದರಿ ನೋಂದಣಿಯ ಪ್ರಕಾರ ಭಾರತಕ್ಕೆ 28, ಕರ್ನಾಟಕಕ್ಕೆ 19 ಆಗಿದೆ. ನಮ್ಮ ಅಜ್ಜಿಯರು ಹೆತ್ತ ಮಕ್ಕಳ ಲೆಕ್ಕವನ್ನೂ ಉಳಿದ ಮಕ್ಕಳ ಲೆಕ್ಕವನ್ನೂ ಬೇರೆ ಬೇರೆಯಾಗಿ ಹೇಳುತ್ತಿದ್ದುದನ್ನು ಕೇಳಿರುವವರಿಗೆ ಇದು ಎಂಥ ಬದಲಾವಣೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಭಾರತದ ಆ 28ರಲ್ಲಿ 20 ಸಾವುಗಳು ಹುಟ್ಟಿದ 28 ದಿನಗಳೊಳಗೇ ಸಂಭವಿಸಿದವು. ಅಂದರೆ ಉಳಿದಿರುವ ಕಷ್ಟವೆಲ್ಲ ಬಾಣಂತಿಯ ಕೋಣೆಯೊಳಗೆ, ಬಹಳ ಸಲ ತೊಟ್ಟಿಲ ಶಾಸ್ತ್ರಕ್ಕೂ ಮುಂಚೆ, ಸೇರಿಕೊಂಡಿದೆ. ಏತಕ್ಕೆ ಹೋದವು ಆ ಕೂಸುಗಳು? ಇದಕ್ಕೆ ಉತ್ತರ ಕೊಡಬೇಕಾದುದು ವೈದ್ಯರ ಪ್ರಮಾಣಪತ್ರ. ನಮ್ಮ ದೇಶದಲ್ಲಿ ನೋಂದಣಿಯಾಗುವ ಮರಣಗಳಲ್ಲಿ ವೈದ್ಯರು ಕಾರಣವನ್ನು ಬರೆದು ದೃಢಪಡಿಸಿದವುಗಳು 2020ರಲ್ಲಿಯೂ ಕಾಲು ಭಾಗಕ್ಕಿಂತ ಕಡಿಮೆ. ಬರೆದಲ್ಲಿಯೂ ಒಂದು ಪದವಿರುತ್ತದೆ: ತಿಂಗಳು ತುಂಬದ ಕೂಸು, ಅಥವಾ ನಂಜು, ಅಥವಾ ಉಸಿರುಕಟ್ಟು. ಆ ಒಂದು ಪದಕ್ಕೆ ಮುಂಚೆ ನಡೆದ ಮೂರು ದಿನಗಳೂ ಮೂರು ರಾತ್ರಿಗಳೂ ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ. ಅವು ಮನೆಯವರ ನೆನಪಿನಲ್ಲಿವೆ. ಅಲ್ಲಿಗೇ ಹೋಗಿ ಕೇಳಬೇಕು.

ಹೀಗೆ ಮನೆಗೆ ಹೋಗಿ ಕೇಳುವ ಪದ್ಧತಿ ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದ ಲಂಡನ್ ನಗರದಲ್ಲಿ ಸಾವಿನ ಮನೆಗೆ ಹೋಗಿ, ಹೆಣವನ್ನು ನೋಡಿ, ಮನೆಯವರನ್ನು ವಿಚಾರಿಸಿ, ಕಾರಣವನ್ನು ಚರ್ಚಿನ ಗುಮಾಸ್ತನಿಗೆ ತಿಳಿಸಲು ಬಡ ಮುದುಕಿಯರನ್ನು ನೇಮಿಸಿದ್ದರು. ಅವರು ತಂದ ವರದಿಗಳ ಪಟ್ಟಿಗಳನ್ನೇ ಕೂಡಿಸಿ ಕಳೆದು ಜಾನ್ ಗ್ರಾಂಟ್ ಎಂಬ ಬಟ್ಟೆಯ ವ್ಯಾಪಾರಿ 1662ರಲ್ಲಿ ಒಂದು ಪುಸ್ತಕ ಬರೆದನು. ಸಂಖ್ಯಾಶಾಸ್ತ್ರದವರು ಇವನನ್ನು ತಮ್ಮ ಮೂಲಪುರುಷನೆನ್ನುತ್ತಾರೆ. ಆ ಮುದುಕಿಯರ ಮಾತನ್ನು ಗ್ರಾಂಟನೇ ಪೂರ್ತಿಯಾಗಿ ನಂಬಲಿಲ್ಲ. ಒಂದು ಲೋಟ ಮದ್ಯಕ್ಕೂ ನಾಲ್ಕು ಕಾಸಿಗೂ ಅವರು ರೋಗದ ಹೆಸರನ್ನು ಬದಲಾಯಿಸುತ್ತಾರೆಂದು ಅವನ ಆಕ್ಷೇಪಣೆ. ನಂಬಲಿಲ್ಲವಾದರೂ ಅವರಿಲ್ಲದೆ ಅವನ ಪುಸ್ತಕವೇ ಇರುತ್ತಿರಲಿಲ್ಲವೆಂಬುದು ಬೇರೆ ಮಾತು.

ನಮ್ಮ ಕಾರ್ಯಕ್ಕೆ ಇನ್ನೂ ಹತ್ತಿರವಾದ ನಿದರ್ಶನವೊಂದುಂಟು. ಅಮೆರಿಕದ ಸರ್ಕಾರವು 1912ರಲ್ಲಿ ಮಕ್ಕಳ ಇಲಾಖೆಯೊಂದನ್ನು ಸ್ಥಾಪಿಸಿತು. ಅದರ ಮುಖ್ಯಸ್ಥೆ ಜೂಲಿಯಾ ಲೇತ್ರಪ್ ಎಂಬಾಕೆ ಮೊದಲು ಕೈಗೊಂಡ ಕೆಲಸವೆಂದರೆ, ಪೆನ್ಸಿಲ್ವೇನಿಯಾ ಸಂಸ್ಥಾನದ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ 1911ರಲ್ಲಿ ಹುಟ್ಟಿದ ಮಕ್ಕಳ ಮನೆಗಳಿಗೆ ಹೆಂಗಸರನ್ನು ಕಳುಹಿಸಿ ತಾಯಂದಿರನ್ನು ಮಾತನಾಡಿಸಿದ್ದು. ಸತ್ತ ಮಕ್ಕಳ ಮನೆಗೆ ಮಾತ್ರವಲ್ಲ, ಬದುಕಿದ ಮಕ್ಕಳ ಮನೆಗೂ ಹೋದರು; ಹೋಲಿಕೆಗೆ ಅದು ಬೇಕು. ಅಲ್ಲಿಯ ಶಿಶುಮರಣ ಪ್ರಮಾಣ ಆಗ 134. ತಂದೆಯ ಸಂಬಳ ಇಳಿದಂತೆ ಮಕ್ಕಳ ಸಾವು ಏರುತ್ತದೆ, ಚರಂಡಿಯಿಲ್ಲದ ಕೇರಿಯಲ್ಲಿ ಹೆಚ್ಚು ಸಾಯುತ್ತವೆ, ಎದೆಹಾಲು ಕುಡಿದವು ಹೆಚ್ಚು ಉಳಿಯುತ್ತವೆ ಎಂಬ ಸಂಗತಿಗಳು 1915ರಲ್ಲಿ ಅಚ್ಚಾದ ಅದರ ವರದಿಯಲ್ಲಿವೆ. ತಾಯಂದಿರ ಅಜ್ಞಾನವೇ ಎಲ್ಲಕ್ಕೂ ಮೂಲವೆಂದು ಬೋಧಿಸುತ್ತಿದ್ದವರಿಗೆ ಆ ವರದಿ ಅಷ್ಟಾಗಿ ರುಚಿಸಿರಲಾರದು. ಅದೇ 1915ರಲ್ಲಿ ಇಂಗ್ಲೆಂಡಿನ ಮಹಿಳಾ ಸಹಕಾರ ಸಂಘದವರು ಕೂಲಿಕಾರರ ಹೆಂಡತಿಯರಿಂದ ತಮ್ಮ ಹೆರಿಗೆಗಳ ಮತ್ತು ಕಳೆದುಕೊಂಡ ಮಕ್ಕಳ ವೃತ್ತಾಂತಗಳನ್ನು ಪತ್ರರೂಪವಾಗಿ ಬರೆಯಿಸಿ, 160 ಪತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಓದುಬರಹ ಬಲ್ಲ ತಾಯಂದಿರಿದ್ದ ಕಡೆ ಅದು ಸಾಧ್ಯವಾಯಿತು. ಇಲ್ಲದ ಕಡೆ ಕೇಳುವವನೇ ಹೋಗಿ ಬರೆದುಕೊಳ್ಳಬೇಕು.

ನಮ್ಮ ದೇಶದಲ್ಲಿ ಪಂಜಾಬಿನ ನಾರಂಗ್ವಾಲ್ ಎಂಬ ಹಳ್ಳಿಯ ಸಂಶೋಧನಾ ಕೇಂದ್ರದಲ್ಲಿ, 1960ರಿಂದೀಚೆಗೆ, ಈ ಪದ್ಧತಿಗೆ ಒಂದು ಶಾಸ್ತ್ರೀಯ ರೂಪ ದೊರೆಯಿತು. ಬಾಯಿಮಾತಿನ ಶವಪರೀಕ್ಷೆ ಎಂಬರ್ಥದ ಇಂಗ್ಲಿಷ್ ಹೆಸರೂ ಅಲ್ಲಿಂದಲೇ ಬಂದುದು. ಕೇಳಲು ಕಠೋರವಾದ ಹೆಸರು. ಮನೆಯವರ ಎದುರಿಗೆ ನಾವು ಅದನ್ನು ಎಂದೂ ಉಚ್ಚರಿಸಲಿಲ್ಲ. ಮುಂದೆ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಹಳ್ಳಿಗಳಲ್ಲಿ ಸತ್ತ ಕೂಸುಗಳ ಕಾರಣಗಳನ್ನು ಹೀಗೆಯೇ ವಿಚಾರಿಸಿ ತಿಳಿದರು. ಎಳೆಯ ಕೂಸುಗಳನ್ನು ಒಯ್ಯುತ್ತಿದ್ದುದರಲ್ಲಿ ನಂಜು ಮುಖ್ಯವೆಂದು ಕಂಡು, ಹಳ್ಳಿಯ ಹೆಂಗಸರಿಗೇ ಕೂಸಿನ ಆರೈಕೆಯನ್ನೂ ಔಷಧ ಕೊಡುವುದನ್ನೂ ಕಲಿಸಿದರು. 39 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದಿಂದ ನವಜಾತ ಶಿಶುಗಳ ಮರಣ ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ಇಂದು ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಿ ಕೂಸನ್ನು ನೋಡುವ ಕ್ರಮಕ್ಕೆ ಈ ಪ್ರಯೋಗವೇ ಮಾದರಿ.

ದೇಶವ್ಯಾಪಿಯಾಗಿ ನಡೆದುದೆಂದರೆ ರಿಜಿಸ್ಟ್ರಾರ್ ಜನರಲ್ ಅವರ ಕಚೇರಿಯೂ ಡಾಕ್ಟರ್ ಪ್ರಭಾತ್ ಝಾ ಅವರೂ ಸೇರಿ ಕೈಗೊಂಡ ಹತ್ತು ಲಕ್ಷ ಮರಣಗಳ ಅಧ್ಯಯನ. ಅದರಲ್ಲಿ 2001ರಿಂದ 2003ರವರೆಗೆ ಸಂಭವಿಸಿದ, ಐದು ವರ್ಷಕ್ಕೆ ಒಳಗಿನ 23,152 ಮಕ್ಕಳ ಮರಣಗಳನ್ನು ಮನೆ ಮನೆಗೆ ಹೋಗಿ ವಿಚಾರಿಸಿದರು. ವಿಚಾರಿಸಿದವರು ವೈದ್ಯರಲ್ಲ. ಪ್ರಶ್ನಾವಳಿಯ ಜೊತೆಗೆ, ಮನೆಯವರು ಹೇಳಿದ್ದನ್ನು ಅವರ ಭಾಷೆಯಲ್ಲಿಯೇ ಅರ್ಧ ಪುಟದಷ್ಟು ಬರೆದುಕೊಂಡು ಬರುತ್ತಿದ್ದರು. ಅನಂತರ ಇಬ್ಬರು ವೈದ್ಯರು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ, ಅದನ್ನೋದಿ ಕಾರಣವನ್ನು ನಿರ್ಣಯಿಸುವರು. ಅವರಲ್ಲಿ ಒಮ್ಮತವಾಗದಿದ್ದರೆ ಹಿರಿಯರಾದ ಮೂರನೆಯವರು ತೀರ್ಪು ಕೊಡುವರು. ಒಂದು ತಿಂಗಳೊಳಗಿನ ಸಾವುಗಳಲ್ಲಿ ನೂರಕ್ಕೆ 78 ಮೂರೇ ಕಾರಣಗಳಿಂದ ಎಂದು ಗೊತ್ತಾಯಿತು: ತಿಂಗಳು ತುಂಬದಿರುವುದು ಅಥವಾ ತೂಕ ಕಡಿಮೆಯಾಗಿರುವುದು, ನಂಜು, ಮತ್ತು ಹೆರಿಗೆಯ ವೇಳೆ ಉಸಿರುಕಟ್ಟುವುದು ಅಥವಾ ಪೆಟ್ಟಾಗುವುದು. ಆ ಅರ್ಧ ಪುಟದ ಮೇಲೆ ನಮಗೆ ಬಹಳ ಗೌರವ. ಪ್ರಶ್ನಾವಳಿಯ ಚೌಕಗಳಲ್ಲಿ ಹಿಡಿಯದೆ ಹೊರಗೆ ಚೆಲ್ಲಿದ್ದೆಲ್ಲ ಅಲ್ಲಿ ಬಂದು ನಿಲ್ಲುತ್ತದೆ.

ಇನ್ನು ದಾವಣಗೆರೆಗೆ ಬರೋಣ. ಈ ನಗರದಲ್ಲಿ ವೈದ್ಯಸಹಾಯಕ್ಕೆ ಬರವೇನೂ ಇಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯ ಕಾಲೇಜು, ಮಕ್ಕಳಿಗಾಗಿಯೇ ಇರುವ ಬಾಪೂಜಿ ಆಸ್ಪತ್ರೆ ಇವು ಸುತ್ತಲ ಜಿಲ್ಲೆಗಳವರೂ ಬಂದು ಸೇರುವ ಸ್ಥಳಗಳು. ಆಸ್ಪತ್ರೆಯ ದೀಪಗಳು ಕಾಣುವಷ್ಟು ಹತ್ತಿರದ ಮನೆಯಲ್ಲಿ ಕೂಸು ಸಾಯುವುದೆಂತು ಎಂಬ ಪ್ರಶ್ನೆಯನ್ನು ನಾವು ಹೊತ್ತುಕೊಂಡು ಹೋದೆವು.

ಮೊದಲು ನಾವು ಹೋದದ್ದು ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಮನೆಗೆ. ಜೊತೆಗೆ ಆ ಕೇರಿಯ ಆಶಾ ಕಾರ್ಯಕರ್ತೆ ಇದ್ದಳು. ಸೂತಕ ಕಳೆದು ಕೆಲವು ವಾರಗಳಾಗಿದ್ದವು. ಕೂಸು ಐದನೆಯ ದಿನ ಹೋಗಿತ್ತು. ಕಾಗದದಲ್ಲಿದ್ದದ್ದು ತೂಕ ಕಡಿಮೆ ಎಂಬುದು. ನಿಜವೂ ಹೌದು, ಎರಡೂವರೆ ಕಿಲೋ ಇರಬೇಕಾದ ಕೂಸು ಎರಡು ಕಿಲೋವನ್ನೂ ಮುಟ್ಟಿರಲಿಲ್ಲ. ಚಾಪೆ ಹಾಸಿದರು, ನೀರು ಕೊಟ್ಟರು. ಅತ್ತೆಯೇ ಎಲ್ಲವನ್ನೂ ಹೇಳಿದಳು. ಸೊಸೆ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಅತ್ತೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕೂಸು ಹಾಲು ಕುಡಿಯುತ್ತಿತ್ತು. ಐದನೆಯ ದಿನ ಬೆಳಿಗ್ಗೆ ದೃಷ್ಟಿ ತಾಕಿದಂತಾಗಿ ಹಠಾತ್ತನೆ ಹೋಯಿತು. ನಾವು ಅಷ್ಟನ್ನೇ ಬರೆದುಕೊಂಡೆವು.

ಆಮೇಲೆ ನಾವೊಂದು ತಪ್ಪು ಮಾಡಿದೆವು. ಕಾಗದದಲ್ಲಿ ಆಸ್ಪತ್ರೆಗೆ ಒಯ್ದ ಹೊತ್ತು ಸಂಜೆಯೆಂದಿತ್ತು. ಬೆಳಿಗ್ಗೆಯೇ ಗೊತ್ತಾದ ಮೇಲೆ ಸಂಜೆಯವರೆಗೆ ಏತಕ್ಕೆ ಒಯ್ಯಲಿಲ್ಲ ಎಂದು ಸೊಸೆಯನ್ನೇ ಕೇಳಿಬಿಟ್ಟೆವು. ಕೇಳಿದ್ದು ಮೆಲ್ಲಗೇ, ಆದರೆ ಏತಕ್ಕೆ ಎಂಬ ಮಾತಿಗೆ ಮೆಲ್ಲನೆಯ ಧ್ವನಿಯೆಂಬುದು ಇಲ್ಲ. ಅವಳು ತಲೆಯೆತ್ತಿ ನಮ್ಮನ್ನೊಮ್ಮೆ ನೋಡಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನ್ಯಾಯಸ್ಥಾನದಲ್ಲಿ ಕೇಳುವ ಪ್ರಶ್ನೆಯನ್ನು ನಾವು ಅವಳ ಮನೆಯ ಚಾಪೆಯ ಮೇಲೆ ಕುಳಿತು ಕೇಳಿದ್ದೆವು. ದಾರಿಯಲ್ಲಿ ಆಶಾ ಕಾರ್ಯಕರ್ತೆ ಬಹಳ ಹೊತ್ತು ಮಾತನಾಡದೆ ನಡೆದು, ಕೊನೆಗೆ, “ಹಂಗ ಕೇಳಬಾರದಿತ್ರಿ. ಆಮೇಲೆ ಏನಾತು, ಆಮೇಲೆ ಏನಾತು ಅಂತ ಕೇಳ್ತಾ ಹೋದ್ರೆ ತಾನೇ ಹೇಳ್ತಾಳೆ,” ಎಂದಳು. ಪ್ರಶ್ನಾವಳಿಯನ್ನು ರಚಿಸಿದವರು ಎಷ್ಟು ಪುಟಗಳಲ್ಲಿ ಬೋಧಿಸಿದ್ದರೂ ಆ ಒಂದು ವಾಕ್ಯದಷ್ಟು ನಮಗೆ ನಾಟಿರಲಿಲ್ಲ. ಅಂದಿನಿಂದ ನಮ್ಮ ಪುಸ್ತಕದಲ್ಲಿ ಏತಕ್ಕೆ ಎಂಬ ಪ್ರಶ್ನೆಯನ್ನು ಹೊಡೆದುಹಾಕಿದೆವು.

ಎಂಟು ದಿನದ ಮೇಲೆ, ಆ ತಾಯಿ ಒಪ್ಪಿದರೆ ಮಾತ್ರವೆಂದು ಹೇಳಿಕಳುಹಿಸಿ, ಅದೇ ಮನೆಗೆ ಮತ್ತೆ ಹೋದೆವು. ಅತ್ತೆ ಕೂಲಿಗೆ ಹೋಗಿದ್ದಳು. ನಮ್ಮ ಪೈಕಿ ಹೆಂಗಸರು ಮಾತ್ರ ಒಳಗೆ ಕುಳಿತರು. ಹುಟ್ಟಿದ ದಿನದಿಂದ ಶುರುಮಾಡಿ, ಆಮೇಲೆ ಏನಾಯಿತು ಎಂದು ಕೇಳುತ್ತ ಹೋದರು. ಆಗ ಬಂದ ವೃತ್ತಾಂತವೇ ಬೇರೆ. ಕೂಸು ಎರಡನೆಯ ದಿನ ಚೆನ್ನಾಗಿ ಮೊಲೆಯುಂಡಿತ್ತು. ಮೂರನೆಯ ದಿನ ಮನೆಗೆ ಕರೆತಂದ ಮೇಲೆ ಹಿರಿಯರ ಪದ್ಧತಿಯಂತೆ ಎರೆದರು. ಎರೆದ ಮೇಲೆ ಅಂಗಾಲು ತಣ್ಣಗಾಯಿತು. “ಕಾಲು ತಣ್ಣಗದಾವ ಅಂತ ನಾ ಹೇಳ್ದೆ. ಎರೆದ ಮ್ಯಾಲೆ ಹಂಗೇ ಇರತೈತಿ ಅಂದ್ರು.” ನಾಲ್ಕನೆಯ ದಿನ ಹಾಲು ಹಿಡಿಯುವುದು ಕಡಿಮೆಯಾಯಿತು, ಅಳುವ ದನಿ ಬೆಕ್ಕಿನ ಮರಿಯಂತಾಯಿತು. ಐದನೆಯ ದಿನ ಬೆಳಿಗ್ಗೆ ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯತೊಡಗಿತು. ಗಂಡ ಭಟ್ಟಿಯಲ್ಲಿದ್ದನು. ಬಟವಾಡೆ ಅಂದು ಸಂಜೆ. ಅವನಿಗೆ ಹೇಳಿಕಳುಹಿಸಲು ಯಾರೂ ಇರಲಿಲ್ಲ. ಮನೆಯ ಒಂದೇ ಫೋನು ಅವನ ಜೇಬಿನಲ್ಲಿತ್ತು. ಸಂಜೆ ಆಟೋ ಹಿಡಿದು ಒಂದು ಕಡೆ ಹೋದರು. ಅಲ್ಲಿ ಎಳೆಗೂಸುಗಳ ವಿಭಾಗದಲ್ಲಿ ಸ್ಥಳವಿಲ್ಲವೆಂದು ಇನ್ನೊಂದು ಕಡೆಗೆ ಕಳುಹಿಸಿದರು. ಎರಡನೆಯ ಬಾಗಿಲಿನಲ್ಲಿ ಕೂಸು ಹೋಯಿತು.

ಕಾಗದದ ತೂಕ ಕಡಿಮೆ ಎಂಬ ಪದವು ಸುಳ್ಳಲ್ಲ. ಆದರೆ ತೂಕ ಕಡಿಮೆಯ ಕೂಸಿಗೆ ಚಳಿಯೇ ಶತ್ರು. ಅಂಥದಕ್ಕೆ ಸ್ನಾನವನ್ನು ಮುಂದಕ್ಕೆ ಹಾಕಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳಬೇಕೆಂಬುದು ಇಂದು ಎಲ್ಲ ವೈದ್ಯರೂ ಒಪ್ಪಿದ ವಿಚಾರ. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ, ಕೂಸುಗಳನ್ನಿಡುವ ಬಿಸಿಪೆಟ್ಟಿಗೆಗಳು ಸಾಲದೆ ಬಂದಾಗ ಹುಟ್ಟಿಕೊಂಡ ಉಪಾಯವದು. ಕಾಸಿನ ಖರ್ಚಿಲ್ಲ. ಅಂಗಾಲು ತಣ್ಣಗಾದದ್ದನ್ನು ಮೊದಲು ಗಮನಿಸಿದವಳು ತಾಯಿ. ಆ ಮನೆಯಲ್ಲಿ ಮಾತಿಗೆ ಬೆಲೆಯಿಲ್ಲದಿದ್ದವಳೂ ಅವಳೇ. ತಾಯಿಯಾಗುವವರ ಮರಣಗಳನ್ನು ಕುರಿತು 1994ರಲ್ಲಿ ಥಾಡಿಯಸ್ ಮತ್ತು ಮೇನ್ ಎಂಬಿಬ್ಬರು ವಿದುಷಿಯರು ಮೂರು ತಡಗಳ ವಿಚಾರವನ್ನು ಬರೆದರು: ಹೊರಡಬೇಕೆಂದು ನಿಶ್ಚಯಿಸುವ ತಡ, ತಲಪುವ ತಡ, ತಲಪಿದ ಮೇಲೆ ಚಿಕಿತ್ಸೆ ದೊರೆಯುವ ತಡ. ಕೂಸುಗಳಿಗೂ ಇದೇ ಅನ್ವಯಿಸುತ್ತದೆ. ಈ ಮನೆಯಲ್ಲಿ ಮೂರೂ ಒಂದರ ಹಿಂದೊಂದು ಬಂದಿದ್ದವು. ಅದರಲ್ಲಿ ಒಂದೂ ಪ್ರಮಾಣಪತ್ರದಲ್ಲಿರಲಿಲ್ಲ.

ಅತ್ತೆ ಸುಳ್ಳು ಹೇಳಿದಳೆಂದು ತಾವು ಭಾವಿಸಬಾರದೆಂದು ಬೇಡುತ್ತೇವೆ. ತನ್ನ ಕೈಯಿಂದಲೇ ಎರೆದವಳು ಅವಳು. ಅವಳ ಕಥೆಯಲ್ಲಿ ಕೂಸು ಹಠಾತ್ತನೆ ಹೋಗದೆ ಬೇರೆ ದಾರಿಯಿರಲಿಲ್ಲ. ಅನೇಕ ಮನೆಗಳನ್ನು ಸುತ್ತಿದ ಮೇಲೆ ನಮಗೆ ತೋರಿದ್ದೇನೆಂದರೆ, ತಂದೆಯ ನೆನಪಿನಲ್ಲಿ ಹಣವೂ ಗಂಟೆಗಳೂ ವಾಹನಗಳೂ ಇರುತ್ತವೆ. ಅಜ್ಜಿಯ ನೆನಪಿನಲ್ಲಿ ಮಾಡಿದ ಉಪಚಾರಗಳಿರುತ್ತವೆ. ತಾಯಿಯ ನೆನಪಿನಲ್ಲಿ ಕೂಸಿನ ದೇಹವಿರುತ್ತದೆ. ಎಷ್ಟು ಸಲ ಉಚ್ಚೆ ಹೊಯ್ಯಿತು, ಯಾವ ಕಡೆಯ ಮೊಲೆಯನ್ನು ಬೇಗ ಬಿಟ್ಟಿತು ಎಂಬುದನ್ನು ಅವಳು ವರ್ಷದ ಮೇಲೆಯೂ ಹೇಳಬಲ್ಲಳು. ಮೂವರನ್ನೂ ಬೇರೆ ಬೇರೆಯಾಗಿ ಕೇಳದೆ ವೃತ್ತಾಂತ ಪೂರ್ತಿಯಾಗದು. ಕೂಡಿಸಿ ಕೇಳಿದರೆ ಹಿರಿಯರ ಕಥೆಯೊಂದೇ ದೊರೆಯುತ್ತದೆ.

ಭಾಷೆಯ ವಿಷಯವಾಗಿ ಒಂದು ಮಾತು. ಬಾಲಗ್ರಹ, ಶೀತ, ದೃಷ್ಟಿ, ಗಾಳಿ ಎಂಬ ಪದಗಳನ್ನು ಕೇಳಿದೊಡನೆ ವಿದ್ಯಾವಂತರಾದ ನಾವು ಮೂಢನಂಬಿಕೆಯೆಂದು ಲೇಖನಿಯನ್ನು ಕೆಳಗಿಡುತ್ತೇವೆ. ಇಡಬಾರದು. ಬಾಲಗ್ರಹವೆಂದರೆ ಕೂಸು ಏನು ಮಾಡಿತು ಎಂದು ಕೇಳಬೇಕು. ಕೈಕಾಲು ಸೆಟೆದುಕೊಂಡವೆ? ಬಾಯಿ ಬಿಗಿಯಿತೆ? ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದಿತ್ತೆ? ಮೊದಲು ಕುಡಿದಿದ್ದು, ಮೂರನೆಯ ದಿನದ ಮೇಲೆ ಬಾಯಿ ಬಿಗಿದು, ಮುಟ್ಟಿದರೆ ಮೈ ಬಿಲ್ಲಿನಂತಾಗುವುದಾದರೆ ಅದು ಧನುರ್ವಾಯು; ಹೊಕ್ಕುಳಬಳ್ಳಿಯನ್ನು ಕೊಯ್ದ ಕುಡುಗೋಲಿನಿಂದಲೋ, ಅದಕ್ಕೆ ಹಚ್ಚಿದ ಬೂದಿ ಸಗಣಿಗಳಿಂದಲೋ ಬಂದದ್ದು. ಒಂದು ಕಾಲದಲ್ಲಿ ನಮ್ಮ ದೇಶದ ಎಷ್ಟೋ ತೊಟ್ಟಿಲುಗಳನ್ನು ಬರಿದುಮಾಡಿದ ಈ ರೋಗವು ಆಸ್ಪತ್ರೆಯ ಲೆಕ್ಕಗಳಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಆ ಕೂಸುಗಳು ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲ. ಮನೆಗಳಲ್ಲಿ ಕೇಳಿದಾಗಲೇ ಅದರ ಅಗಾಧತೆ ತಿಳಿದದ್ದು. ಬಸುರಿಯರಿಗೆ ಚುಚ್ಚುಮದ್ದು ಕೊಡುವುದರಿಂದಲೂ, ಶುದ್ಧವಾದ ಹೆರಿಗೆಯಿಂದಲೂ, ಭಾರತದಲ್ಲಿ ಅದು ನಿರ್ಮೂಲನದ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ಘೋಷಿತವಾಯಿತು.

ಹಾಗೆಂದು ಬಾಯಿಮಾತಿನಿಂದ ಎಲ್ಲವೂ ತಿಳಿದೀತೆಂದಲ್ಲ. ಧನುರ್ವಾಯು, ನೀರಿಗೆ ಬಿದ್ದದ್ದು, ದಡಾರ ಇಂಥವು ಮಾತಿನಲ್ಲಿಯೇ ಗುರುತು ಹಿಡಿಯಬಹುದಾದವು. ಜ್ವರಗಳು ಒಂದರಂತೊಂದಿರುತ್ತವೆ. ತಿಂಗಳು ತುಂಬದ ಕೂಸಿಗೆ ನಂಜೂ ಸೇರಿದಾಗ ಯಾವುದರಿಂದ ಹೋಯಿತೆಂದು ವೈದ್ಯರಲ್ಲಿಯೇ ಭಿನ್ನಾಭಿಪ್ರಾಯ ಬರುತ್ತದೆ. ಹುಟ್ಟುತ್ತಲೇ ಸತ್ತಿತ್ತೆಂದು ಮನೆಯವರು ಹೇಳುವ ಕೂಸು ಒಂದೇ ಒಂದು ಸಲ ಉಸಿರೆಳೆದಿದ್ದರೂ ಅದು ಜೀವಂತ ಜನನ, ಅದರ ಸಾವು ಶಿಶುಮರಣ. ಅತ್ತಿತೆ, ಮಿಸುಕಿತೆ ಎಂದು ಕೇಳಿಯೇ ತಿಳಿಯಬೇಕು. ಆ ಕ್ಷಣದಲ್ಲಿ ತಾಯಿಗೆ ಎಚ್ಚರವಿರುವುದಿಲ್ಲ. ಕೂಸನ್ನು ಹಿಡಿದವರು ಈ ಮನೆಯವರಲ್ಲ.

ಹರಿಹರದಲ್ಲಿ ಇನ್ನೊಂದು ಬಗೆಯ ತೊಡಕನ್ನು ಕಂಡೆವು. 1956ರ ನವೆಂಬರ್ ಒಂದರವರೆಗೆ ಹರಿಹರದ ಹೊಳೆಯೇ ಮೈಸೂರು ಸೀಮೆಗೂ ಮುಂಬಯಿ ಸೀಮೆಗೂ ಗಡಿಯಾಗಿತ್ತು. ಆಚೆಯ ದಡ ಧಾರವಾಡ ಜಿಲ್ಲೆ. ಇಂದು ಎರಡೂ ದಡ ಕರ್ನಾಟಕವೇ, ಆದರೂ 1997ರಿಂದ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ. ಹೆಣ್ಣು ಕೊಡುವುದು ತರುವುದು ಎಂದೂ ಹೊಳೆಯನ್ನು ಗಡಿಯೆಂದು ಎಣಿಸಿಲ್ಲ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಬಸುರಿಯಾಗಿ ಈಚೆ ಹೆಸರು ಬರೆಯಿಸಿ, ತಾಯಿ ಕಾರ್ಡು ಪಡೆದವಳು, ಏಳನೆಯ ತಿಂಗಳಲ್ಲಿ ಹೊಳೆ ದಾಟಿ ಹೋಗುತ್ತಾಳೆ. 1969ರ ಅಧಿನಿಯಮದ ಪ್ರಕಾರ ಜನನವನ್ನೂ ಮರಣವನ್ನೂ, ಸಂಭವಿಸಿದ ಸ್ಥಳದಲ್ಲಿ, 21 ದಿನಗಳೊಳಗೆ ತಿಳಿಸಬೇಕು. ನಾವು ಮಾತನಾಡಿಸಿದ ಒಬ್ಬ ತಾಯಿಯ ಕೂಸು ತವರಿನಲ್ಲಿ ಹತ್ತೊಂಬತ್ತನೆಯ ದಿನ ಹೋಗಿತ್ತು. ಈಚೆಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳು ತವರಿಗೆ ಹೋಗಿದ್ದಾಳೆ ಎಂಬಲ್ಲಿಗೆ ಸಾಲು ನಿಂತಿತ್ತು. ಆಚೆಯವರಿಗೆ ಅವಳು ತಮ್ಮ ಊರವಳಲ್ಲ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ ಬರೆಯಿಸಲು ಬರುವುದಿಲ್ಲವೆಂದು ಮನೆಯವರು ತಿಳಿದಿದ್ದರು. ಇದು ತಪ್ಪು ತಿಳಿವಳಿಕೆ. ಹೆಸರಿಲ್ಲದೆಯೂ ಜನನವನ್ನು ಬರೆಯಿಸಬಹುದು, ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹೆಸರಿಡುವ ಮುಂಚೆ ಹೋದ ಕೂಸಿಗೆ ಜನನ, ಮರಣ ಎರಡೂ ನೋಂದಣಿಯಾಗಬೇಕು. ಎಳೆಯ ಕೂಸುಗಳನ್ನು ಸುಡದೆ ಹೂಳುವುದು ರೂಢಿ. ಹೊಲದ ಬದುವಿನಲ್ಲಿ ಹೂತದ್ದಕ್ಕೆ ಸ್ಮಶಾನದ ಚೀಟಿಯೂ ಇರುವುದಿಲ್ಲ. ಹೀಗೆ ಆ ಕೂಸು ಹೊಳೆಯ ಎರಡೂ ದಡಗಳ ಲೆಕ್ಕಕ್ಕೆ ಸಿಕ್ಕದೆ ಹೋಗಿತ್ತು.

ಕೇಂದ್ರ ಸರ್ಕಾರವು 2014ರಲ್ಲಿ ಶಿಶುಮರಣಗಳ ಪರಿಶೀಲನೆಗೆ ನಿಯಮಗಳನ್ನು ಮಾಡಿದೆ. ಸಾವನ್ನು ಆಶಾ ಕಾರ್ಯಕರ್ತೆ ತಿಳಿಸಬೇಕು, ಆರೋಗ್ಯ ಸಹಾಯಕಿ ಮೊದಲ ವಿಚಾರಣೆ ಮಾಡಬೇಕು, ಅನಂತರ ಮನೆಗೆ ಹೋಗಿ ವಿವರವಾದ ವೃತ್ತಾಂತವನ್ನು ಸಂಗ್ರಹಿಸಬೇಕು. ಇದು ಯಾರನ್ನೂ ದಂಡಿಸುವುದಕ್ಕಲ್ಲವೆಂಬುದು ಈ ಏರ್ಪಾಡಿನ ಮೂಲತತ್ತ್ವ. ಕ್ರಮವು ಒಳ್ಳೆಯದೇ. ಆದರೆ ತನ್ನ ಕೇರಿಯಲ್ಲಿ ಕೂಸು ಸತ್ತಿತೆಂದು ತಿಳಿಸಿದವಳಿಗೇ ಸಭೆಯಲ್ಲಿ ಮೊದಲ ಗದರಿಕೆ ದೊರೆಯುವುದಾದರೆ, ಮುಂದಿನ ಸಲ ಆ ಕೂಸು ಹುಟ್ಟುತ್ತಲೇ ಸತ್ತಿತ್ತೆಂದು ಅವಳು ಬರೆಯುವಳು. ಮನೆಯವರಿಗೂ ಹಾಗೆಯೇ. ನಮ್ಮ ಮಾತನ್ನು ಬರೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂದು ಅವರು ಕೇಳಿದರೆ ಉತ್ತರ ಕೊಡುವ ಶಕ್ತಿ ಕೇಳುವವನಿಗಿರಬೇಕು. ಒಬ್ಬ ತಂದೆ ಕೇಳಿದ್ದೂ ಉಂಟು: “ಬರ್ಕೊಂಡು ಹೋದೋರು ಬಾಳ ಮಂದಿ ಅದಾರಿ. ವಾಪಸ್ ಬಂದು ಹಿಂಗಾತು ಅಂತ ಹೇಳಿದೋರು ಯಾರಿಲ್ಲ.” ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಆ ಮಾತನ್ನೂ ಅವನ ಅರ್ಧ ಪುಟದಲ್ಲಿ ಬರೆದೆವು.

ಅಂದಿನಿಂದ, ಬರೆದದ್ದನ್ನು ಏಳುವ ಮುಂಚೆ ಅವರಿಗೇ ಓದಿ ಹೇಳುವ ರೂಢಿಯನ್ನು ಇಟ್ಟುಕೊಂಡೆವು. ಹೊತ್ತು ಹಿಡಿಯುತ್ತದೆ, ಕೆಲವರು ಕೇಳಲಾರದೆ ಎದ್ದು ಹೋಗುತ್ತಾರೆ, ಹೆಚ್ಚಿನವರು ತಿದ್ದುತ್ತಾರೆ. ಹೊಳೆಯಾಚೆಯ ತವರಿನಲ್ಲಿ ಕೂಸನ್ನು ಕಳೆದುಕೊಂಡ ಆ ಹರಿಹರದ ತಾಯಿಗೆ ಓದಿ ಹೇಳಿದಾಗ ಅವಳು ಕೊನೆಯವರೆಗೂ ಕೇಳಿ, ನಾವು ಹೆಣ್ಣು ಶಿಶು ಎಂದು ಬರೆದಿದ್ದ ಕಡೆ ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದೆವು. “ಹೆಸರು ಇಟ್ಟಿರಲಿಲ್ಲ ಅಂತ ಬರ್ದೀರಲ್ಲ, ಅದು ಖರೇನೆ. ಆದ್ರ ನಾ ಒಂದು ಹೆಸರು ಹಿಡ್ದು ಕರೀತಿದ್ದೆ,” ಎಂದು ಆ ಹೆಸರನ್ನು ಹೇಳಿದಳು. ಅವಳ ಗಂಡ ಬಾಗಿಲಲ್ಲಿ ನಿಂತಿದ್ದನು. ಅವನೂ ಅದನ್ನು ಮೊದಲ ಸಲ ಕೇಳುತ್ತಿದ್ದಂತೆ ತೋರಿತು. ಪ್ರಶ್ನಾವಳಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದು, ಅವಳಿಗೆ ಮತ್ತೊಮ್ಮೆ ಓದಿ ಹೇಳಿ, ಅಲ್ಲಿಂದ ಎದ್ದೆವು.